ಡಿಜಿಟಲ್ ಭೂದೃಶ್ಯ ಚಿತ್ರ: ಕೃತಿ ಮತ್ತು ರಚನಾ ಪ್ರಕ್ರಿಯೆ

ಜಾನಪದವನ್ನು ಸಿದ್ಧ ಸಾಮಗ್ರಿಗಳ ಸಂಗ್ರಹವೆಂದು ಕಾಣದೆ, ಸಣ್ಣ ಸಮೂಹಗಳಲ್ಲಿ ನಡೆಯುವ ಸಂವಹನ ಪ್ರಕ್ರಿಯೆಯೆಂದು ಪರಿಗಣಿಸಬೇಕೆಂಬ ವಾದವನ್ನು ಡ್ಯಾನ್ ಬೆನ್-ಅಮೋಸ್ 1971ರಲ್ಲಿ ಮಂಡಿಸಿದರು. ಅಂಗಳದ ರಂಗೋಲಿಯ ಛಾಯಾಚಿತ್ರದಲ್ಲಿ ಚುಕ್ಕಿಯೂ ಗೆರೆಯೂ ಉಳಿಯುತ್ತವೆ; ಕೈ ಎಲ್ಲಿಂದ ಹೊರಟು ಎಲ್ಲಿ ತಿರುಗಿತೆಂಬುದು ಉಳಿಯುವುದಿಲ್ಲ. ಶಿಷ್ಟ ಚಿತ್ರಕಲೆಗೂ ಅನ್ವಯಿಸುವ ಈ ಸಮಸ್ಯೆಯನ್ನು ಡಿಜಿಟಲ್ ಚಿತ್ರಗಳು ಹೊಸ ರೀತಿಯಲ್ಲಿ ಮುಂದಿಡುತ್ತವೆ. ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ ಅವರ ಐಪ್ಯಾಡ್ ಭೂದೃಶ್ಯಗಳು ಇದಕ್ಕೆ ನಿದರ್ಶನ.

1937ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಜನಿಸಿದ ಹಾಕ್ನಿ 2010ರಲ್ಲಿ ಐಪ್ಯಾಡ್ ಬಳಸತೊಡಗಿದರು. 2011ರಲ್ಲಿ ಪೂರ್ವ ಯಾರ್ಕ್‌ಷೈರಿನ ವೋಲ್ಡ್‌ಗೇಟ್ ಹಾದಿಗೆ ವಸಂತ ಬರುವ ಬಗೆಯನ್ನು 51 ಐಪ್ಯಾಡ್ ಚಿತ್ರಗಳಲ್ಲಿ ದಾಖಲಿಸಿದರು. 32 ಕ್ಯಾನ್‌ವಾಸ್‌ಗಳ ಒಂದು ತೈಲಚಿತ್ರದೊಡನೆ ಇವು 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದವು. 2020ರ ವಸಂತದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ರಚಿಸಿದ 116 ಚಿತ್ರಗಳು ಮರುವರ್ಷ ರಾಯಲ್ ಅಕಾಡೆಮಿಯಲ್ಲಿಯೇ ಪ್ರದರ್ಶನಗೊಂಡವು.

ಇಲ್ಲಿ ಮಾಧ್ಯಮವು ರಚನೆಯ ಕ್ರಮವನ್ನೇ ಬದಲಿಸುತ್ತದೆ. ಬಣ್ಣ ಒಣಗುವವರೆಗೆ ಕಾಯಬೇಕಿಲ್ಲ. ಪರದೆಗೆ ತನ್ನದೇ ಬೆಳಕಿರುವುದರಿಂದ ಸೂರ್ಯೋದಯಕ್ಕೆ ಮುನ್ನ ಕತ್ತಲಲ್ಲಿಯೂ ಚಿತ್ರಿಸಬಹುದು. ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಹಿಡಿಯಬೇಕಾದ ಭೂದೃಶ್ಯಕಾರನಿಗೆ ಈ ವೇಗ ಬಹು ಮುಖ್ಯವಾದುದು. ಆದರೆ ಅಂಗೈಯಗಲದ ಪರದೆಯ ಗೆರೆ ಮುದ್ರಣದಲ್ಲಿ ಹಲವು ಪಟ್ಟು ಹಿಗ್ಗುತ್ತದೆ. ಹಾಗಾಗಿ ಸಣ್ಣದರಲ್ಲಿ ಎಳೆಯುವಾಗಲೇ ದೊಡ್ಡದನ್ನು ಕಾಣಬೇಕಾಗುತ್ತದೆ. ಪರದೆ ಬೆಳಕನ್ನು ಹೊಮ್ಮಿಸಿದರೆ ಕಾಗದದ ಶಾಯಿ ಬೆಳಕನ್ನು ಪ್ರತಿಫಲಿಸುತ್ತದೆ. ಆದ್ದರಿಂದ ಮುದ್ರಣದಲ್ಲಿ ಬಣ್ಣಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಹಾಕ್ನಿ ಬಳಸಿದ 'ಬ್ರಷಸ್' ತಂತ್ರಾಂಶ ಪ್ರತಿ ಗೆರೆಯನ್ನೂ ಅನುಕ್ರಮವಾಗಿ ದಾಖಲಿಸಿಕೊಂಡು ಮರುದರ್ಶನ ಮಾಡಿಸಬಲ್ಲದು. ಮೊದಲು ಬಂದುದು ಆಕಾಶವೋ ಮರವೋ, ಯಾವ ಹಸಿರಿನಡಿ ಯಾವ ಕೊಂಬೆ ಮುಚ್ಚಿಹೋಯಿತು ಎಂಬುದೆಲ್ಲ ನೋಡುಗನಿಗೆ ಕಾಣುತ್ತದೆ. ತೈಲಚಿತ್ರದಲ್ಲಿ ಕ್ಷ-ಕಿರಣದಿಂದ ಭಾಗಶಃ ಊಹಿಸಬೇಕಾದುದು ಇಲ್ಲಿ ನೇರವಾಗಿ ದೊರೆಯುತ್ತದೆ. ಆದರೂ ಇದನ್ನು ಸಂಪೂರ್ಣ ದಾಖಲೆಯೆನ್ನಲಾಗದು. ಕೈ ಚಲಿಸಿದ್ದು ಮಾತ್ರ ಇಲ್ಲಿದೆ; ಗೆರೆಗಳ ನಡುವೆ ಕಣ್ಣು ಮರವನ್ನು ನೋಡುತ್ತ ನಿಂತ ಹೊತ್ತು ಇಲ್ಲಿಲ್ಲ. ಆ ಸಂದರ್ಭದ ಸುಳಿವನ್ನು ಕೊಡುವುದು ಚಿತ್ರಗಳಿಗೆ ಶೀರ್ಷಿಕೆಯಾಗಿರುವ ದಿನಾಂಕಗಳು. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಸ್ಥಳ, ದಿನ, ವೇಳೆಗಳನ್ನು ನಮೂದಿಸುವ ಕ್ರಮವನ್ನು ಇವು ನೆನಪಿಸುತ್ತವೆ.

ಬಿಡಿ ಚಿತ್ರಗಳನ್ನು ಜೋಡಿಸಿದ ಸುಮಾರು 90 ಮೀಟರ್ ಉದ್ದದ 'ನಾರ್ಮಂಡಿಯಲ್ಲಿ ಒಂದು ವರ್ಷ' ಎಂಬ ಕೃತಿ 2021ರಲ್ಲಿ ಪ್ಯಾರಿಸ್ಸಿನ ಓರಾಂಜರಿ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಯಿತು. ಇದರ ಪ್ರೇರಣೆಗಳಲ್ಲೊಂದು ಅದೇ ಪ್ರಾಂತದಲ್ಲಿ ಶತಮಾನಗಳ ಕಾಲ ಉಳಿದುಬಂದ, 11ನೆಯ ಶತಮಾನದ, ಸುಮಾರು 70 ಮೀಟರ್ ಉದ್ದದ ಬೇಯೂ ಕಸೂತಿ ಪಟ. ಆ ಪಟವು 1066ರ ಯುದ್ಧಕಥನವನ್ನು ನಾರುಬಟ್ಟೆಯ ಮೇಲೆ ಉಣ್ಣೆಯ ದಾರದಿಂದ ನಿರೂಪಿಸಿದರೆ, ಹಾಕ್ನಿಯವರ ಕೃತಿ ಋತುಗಳ ಉರುಳುವಿಕೆಯನ್ನೇ ಕಥನವಾಗಿಸುತ್ತದೆ. ಎರಡನ್ನೂ ಒಂದೆಡೆ ನಿಂತು ನೋಡಲಾಗದು, ನಡೆಯುತ್ತಲೇ ನೋಡಬೇಕು. ನವೀನ ಸಾಧನವೊಂದು ಅತಿ ಪ್ರಾಚೀನ ನಿರೂಪಣಾ ವಿಧಾನಕ್ಕೆ ಮರಳಿರುವುದು ಗಮನಾರ್ಹ.

ಗ್ರಂಥಾಲಯಗಳೂ ದಾಖಲಾಗಾರಗಳೂ ಇದರಿಂದ ಗ್ರಹಿಸಬೇಕಾದ ಅಂಶವೊಂದಿದೆ. ಮುದ್ರಿತ ಪ್ರತಿಯನ್ನಷ್ಟೇ ಕಾಪಿಟ್ಟರೆ ಫಲ ಉಳಿದು ಪ್ರಕ್ರಿಯೆ ಅಳಿಯುತ್ತದೆ. ಗೆರೆಗಳ ಮೂಲ ಕಡತವನ್ನೂ, ಅದನ್ನು ತೆರೆಯಬಲ್ಲ ತಂತ್ರಾಂಶವನ್ನೂ, ರಚನೆಯ ಸಂದರ್ಭದ ವಿವರಗಳನ್ನೂ ಒಟ್ಟಾಗಿ ಸಂರಕ್ಷಿಸಿದಾಗ ಮಾತ್ರ ಈ ಬಗೆಯ ಕೃತಿಯೊಂದು ಮುಂದಿನ ಅಧ್ಯಯನಕಾರರಿಗೆ ಪೂರ್ಣವಾಗಿ ದಕ್ಕೀತು.