ಹೊಸ ಹಾರ್ಡ್ ಡಿಸ್ಕ್ ಜೋಡಿಸಿದ ನಂತರ ಗಣಕಯಂತ್ರ ನಿಧಾನವಾದರೆ: ಕಾರಣಗಳು ಮತ್ತು ಪರಿಹಾರ

ಕೆಂಗೇರಿ ಹಾಗೂ ಕುಂಬಳಗೋಡು ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಿ ಬಿಲ್ಲು, ದಾಸ್ತಾನು, ಸಂಬಳದ ಪಟ್ಟಿ, ತೆರಿಗೆಯ ಲೆಕ್ಕ ಇವೆಲ್ಲವೂ ಸಾಮಾನ್ಯವಾಗಿ ಒಂದೆರಡು ಗಣಕಯಂತ್ರಗಳನ್ನೇ ಅವಲಂಬಿಸಿರುತ್ತವೆ. ಹಾರ್ಡ್ ಡಿಸ್ಕ್ ತುಂಬಿದಾಗ ಎಸ್.ಪಿ. ರಸ್ತೆಯಿಂದ ಹೊಸದೊಂದನ್ನು ತರಿಸಿ ಜೋಡಿಸುವುದು ವಾಡಿಕೆ. ಆದರೆ ಹೊಸ ಡಿಸ್ಕ್ ಬಂದ ಮೇಲೆ ಗಣಕವು ಮೊದಲಿಗಿಂತಲೂ ನಿಧಾನವಾಯಿತೆಂಬ ದೂರು ಅಪರೂಪವಲ್ಲ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೆಯ ತಾರೀಖು, ಜಿಎಸ್‌ಟಿಆರ್-3ಬಿಗೆ 20ನೆಯ ತಾರೀಖು ಗಡುವು. ತಡವಾಗಿ ಕಟ್ಟಿದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ ಮತ್ತು ವಿಳಂಬ ಶುಲ್ಕ ಬೀಳುತ್ತದೆ. ಆದ್ದರಿಂದ ಈ ದೋಷದ ಮೂಲವನ್ನು ಕ್ರಮವಾಗಿ ಹುಡುಕುವುದು ಲಾಭಕರ.

ಮೊದಲು ಪ್ರತಿ, ನಂತರ ಪರೀಕ್ಷೆ

ಯಾವುದನ್ನೂ ಬಿಚ್ಚುವ ಮುನ್ನ ಲೆಕ್ಕಪತ್ರದ ಕಡತಗಳ ಪ್ರತಿಯನ್ನು ಬೇರೊಂದು ಸಾಧನದಲ್ಲಿ ತೆಗೆದಿಡಬೇಕು. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡುವುದು ಕಡ್ಡಾಯ. ಪ್ರತಿ ತೆಗೆದರಷ್ಟೇ ಸಾಲದು. ಅದನ್ನು ಮತ್ತೊಂದು ಗಣಕದಲ್ಲಿ ತೆರೆದು ನೋಡಬೇಕು.

ತಾತ್ಕಾಲಿಕ ನಿಧಾನ

ಹೊಸ ಡಿಸ್ಕಿಗೆ ಕಡತಗಳನ್ನು ವರ್ಗಾಯಿಸಿದ ಕೂಡಲೇ ವಿಂಡೋಸ್ ಅವುಗಳ ಸೂಚಿಯನ್ನು ಸಿದ್ಧಪಡಿಸತೊಡಗುತ್ತದೆ; ವೈರಸ್ ನಿರೋಧಕ ತಂತ್ರಾಂಶವೂ ಎಲ್ಲವನ್ನೂ ಹೊಸದಾಗಿ ತಪಾಸಿಸಬಹುದು. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕಿನ ಬಳಕೆ ಶೇ. 100ರ ಬಳಿ ಕಾಣುತ್ತದೆ. ಗಣಕವನ್ನು ಒಂದೆರಡು ದಿನ ಚಾಲೂ ಇಟ್ಟರೆ ಇದು ತಾನಾಗಿ ಶಮನವಾಗುತ್ತದೆ. ಆ ಬಳಿಕವೂ ನಿಧಾನವಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳ ಅಗತ್ಯ.

ಕೇಬಲ್ ಮತ್ತು ಸಂಪರ್ಕ

ಕೇಬಲ್ ಸಡಿಲವಾಗಿದ್ದರೆ ಅಥವಾ ಹಳೆಯದಾಗಿದ್ದರೆ ಮಾಹಿತಿ ದಾರಿಯಲ್ಲಿಯೇ ಕೆಡುತ್ತದೆ. ಗಣಕವು ಅದನ್ನೇ ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋದಂತಹ ಉಚಿತ ತಂತ್ರಾಂಶದಲ್ಲಿ ಸಿಆರ್‌ಸಿ ದೋಷದ ಎಣಿಕೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೊದಲು ಬದಲಿಸಬೇಕಾದುದು ಕೇಬಲನ್ನೇ ಹೊರತು ಡಿಸ್ಕನ್ನಲ್ಲ.

ಯಂತ್ರೋಪಕರಣಗಳಿಗೆ ಜೋಡಿಸಿದ ಹಳೆಯ ವಿಂಡೋಸ್ ಎಕ್ಸ್‌ಪಿ ಗಣಕಗಳನ್ನು ಇಂದಿಗೂ ಬಳಸುತ್ತಿರುವವರು ಮತ್ತೊಂದು ಅಂಶವನ್ನು ಗಮನಿಸಬೇಕು. ಅಗಲವಾದ ಐಡಿಇ ಪಟ್ಟಿ ಕೇಬಲ್‌ಗಳಲ್ಲಿ 40 ತಂತಿಯವು ಮತ್ತು 80 ತಂತಿಯವು ಎಂದು ಎರಡು ಬಗೆಗಳಿವೆ. ಸೆಕೆಂಡಿಗೆ 33 ಮೆಗಾಬೈಟ್ ಮೀರಿದ ವೇಗಕ್ಕೆ 80 ತಂತಿಯದೇ ಬೇಕು. ಇದಲ್ಲದೆ, ಆರು ಬಾರಿ ದೋಷ ಕಂಡುಬಂದರೆ ಎಕ್ಸ್‌ಪಿ ಆ ಡಿಸ್ಕನ್ನು ಪಿಐಓ ಎಂಬ ಹಳೆಯ, ನಿಧಾನವಾದ ವಿಧಾನಕ್ಕೆ ಇಳಿಸಿಬಿಡುತ್ತದೆ. ಕೇಬಲ್ ಸರಿಪಡಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ಸಂಬಂಧಪಟ್ಟ ಐಡಿಇ ಚಾನೆಲನ್ನು ಅಳಿಸಿ, ಗಣಕವನ್ನು ಪುನಃ ಆರಂಭಿಸಿದರೆ ವೇಗ ಮರಳುತ್ತದೆ.

ಹೊರಗಿನಿಂದ ಜೋಡಿಸುವ ಡಿಸ್ಕನ್ನು ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಿದರೆ ಸೆಕೆಂಡಿಗೆ 30-40 ಮೆಗಾಬೈಟ್‌ಗಿಂತ ಹೆಚ್ಚಿನ ವೇಗ ಸಿಗುವುದು ಕಷ್ಟ. ಬಹುಪಾಲು ಗಣಕಗಳಲ್ಲಿ ನೀಲಿ ಬಣ್ಣದ ಕಿಂಡಿಯೇ ಯುಎಸ್‌ಬಿ 3.0.

ವಿಭಾಗದ ಆರಂಭಸ್ಥಾನ

ಹಿಂದೆ ಡಿಸ್ಕುಗಳು ಮಾಹಿತಿಯನ್ನು 512 ಬೈಟ್‌ಗಳ ತುಣುಕುಗಳಾಗಿ ಇಡುತ್ತಿದ್ದವು. ಈಗಿನವು ಹೆಚ್ಚಾಗಿ 4096 ಬೈಟ್‌ಗಳ ತುಣುಕುಗಳಲ್ಲಿ ಇಡುತ್ತವೆ. ಎಕ್ಸ್‌ಪಿ ಮೊದಲ ವಿಭಾಗವನ್ನು 63ನೆಯ ಸಂಖ್ಯೆಯಿಂದ ಆರಂಭಿಸುತ್ತಿತ್ತು. 63 ಎಂಟರಿಂದ ಭಾಗವಾಗದ ಕಾರಣ ಪ್ರತಿಯೊಂದು ಬರಹವೂ ಎರಡು ತುಣುಕುಗಳ ಮೇಲೆ ಹರಡಿಕೊಂಡು ಕೆಲಸ ಹೆಚ್ಚುತ್ತದೆ. ಹಳೆಯ ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡಿದಾಗ ಈ ದೋಷವೂ ಜೊತೆಗೇ ಬರಬಹುದು. ವಿಂಡೋಸ್ ವಿಸ್ಟಾ ಮತ್ತು ನಂತರದ ಆವೃತ್ತಿಗಳಲ್ಲಿ ಹೊಸದಾಗಿ ರಚಿಸಿದ ವಿಭಾಗಕ್ಕೆ ಈ ತೊಂದರೆ ಇರುವುದಿಲ್ಲ.

ಡಿಸ್ಕಿನ ಜಾತಿ

ಕೆಲವು ಹೆಚ್ಚು ಸಾಮರ್ಥ್ಯದ ಡಿಸ್ಕುಗಳು ಎಸ್‌ಎಂಆರ್ ಎಂಬ ವಿಧಾನವನ್ನು ಬಳಸುತ್ತವೆ. ಇದರಲ್ಲಿ ಮಾಹಿತಿಯ ಸಾಲುಗಳು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಭಾಗಶಃ ಒರಗಿರುತ್ತವೆ. ನಡುವಿನ ಒಂದು ಹೆಂಚು ಬದಲಿಸಲು ಮೇಲಿನವನ್ನೂ ಎತ್ತಬೇಕಾಗುವಂತೆ, ಒಂದು ಸಾಲು ತಿದ್ದಲು ಪಕ್ಕದ ಸಾಲುಗಳನ್ನೂ ಪುನಃ ಬರೆಯಬೇಕಾಗುತ್ತದೆ. ಪ್ರತಿ ಶೇಖರಿಸಿಡಲು ಇವು ಉತ್ತಮ. ದಿನವಿಡೀ ಬದಲಾಗುವ ಲೆಕ್ಕದ ಕಡತಗಳಿಗೆ ಅಷ್ಟು ಸೂಕ್ತವಲ್ಲ. ವಿಂಡೋಸ್ ಮತ್ತು ದಿನನಿತ್ಯದ ಲೆಕ್ಕಕ್ಕೆ ಎಸ್‌ಎಸ್‌ಡಿ, ಹಳೆಯ ದಾಖಲೆಗಳಿಗೆ ಹಾರ್ಡ್ ಡಿಸ್ಕ್ ಎಂಬ ವಿಂಗಡಣೆ ಮಿತವ್ಯಯಕರವೂ ಹೌದು.

ಹಳೆಯ ಡಿಸ್ಕಿನ ಮೇಲೂ ಸಂಶಯವಿರಲಿ

ದೋಷ ಹೊಸದರಲ್ಲೇ ಇರಬೇಕೆಂದಿಲ್ಲ. ಹಳೆಯ ಡಿಸ್ಕನ್ನೂ ಜೊತೆಯಲ್ಲಿ ಉಳಿಸಿಕೊಂಡಿದ್ದು ಅದು ಕೆಡುತ್ತಿದ್ದರೆ, ಅದರ ಉತ್ತರಕ್ಕಾಗಿ ಗಣಕವು ಕಾಯುತ್ತಾ ನಿಲ್ಲುತ್ತದೆ. ವಿಂಡೋಸ್ ಹೊಸ ಡಿಸ್ಕಿನಲ್ಲಿದ್ದರೆ, ವಿದ್ಯುತ್ ಆರಿಸಿ ಹಳೆಯದನ್ನು ಕಳಚಿ ಪರೀಕ್ಷಿಸಿದಾಗ ಸತ್ಯ ತಿಳಿಯುತ್ತದೆ. ಕಳಚಿದ ಡಿಸ್ಕನ್ನು ಕೂಡಲೇ ಅಳಿಸದೆ, ಕನಿಷ್ಠ ಒಂದು ತಿಂಗಳ ವಿವರಪಟ್ಟಿ ಹೊಸದರಿಂದ ಸುಸೂತ್ರವಾಗಿ ಸಲ್ಲಿಕೆಯಾಗುವವರೆಗೆ ಜೋಪಾನವಾಗಿ ಇಡುವುದು ಲೇಸು.

ಹೀಗೆ ಮೊದಲು ಪ್ರತಿ, ಬಳಿಕ ಕಾಯುವಿಕೆ, ಆಮೇಲೆ ಕೇಬಲ್, ವಿಭಾಗ, ಡಿಸ್ಕಿನ ಜಾತಿ, ಕೊನೆಗೆ ಹಳೆಯ ಡಿಸ್ಕ್ ಎಂಬ ಕ್ರಮವನ್ನು ಅನುಸರಿಸಿದರೆ ಖರ್ಚಿಲ್ಲದ ಪರಿಹಾರಗಳು ಮೊದಲು ಕೈಗೆಟುಕುತ್ತವೆ. ಡಿಸ್ಕ್ ಬದಲಾವಣೆಯ ಕೆಲಸವನ್ನು 20ರ ಗಡುವು ಕಳೆದ ನಂತರದ ವಾರಕ್ಕೆ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭವಾದ ಮುನ್ನೆಚ್ಚರಿಕೆ.