ಪರಿಚಿತ ಶಬ್ದಗಳ ಮೋಸ

ಹುಬ್ಬಳ್ಳಿ-ಧಾರವಾಡಗಳಲ್ಲಿ ಮನೆಯೊಳಗೆ ಮರಾಠಿಯನ್ನೂ ಪೇಟೆಯಲ್ಲಿ ಕನ್ನಡವನ್ನೂ ಆಡುವ ಕುಟುಂಬಗಳು ಅಪರೂಪವಲ್ಲ. ಬೇಂದ್ರೆಯವರ ಮನೆಮಾತೇ ಮರಾಠಿಯಾಗಿದ್ದಿತು. ಈ ಭಾಷೆಗಳ ಕುಲ ಬೇರೆ ಬೇರೆ. ಒಂದು ದ್ರಾವಿಡ, ಇನ್ನೊಂದು ಆರ್ಯ. ಆದರೂ ನೆರೆಹೊರೆಯವರಾದ ಕಾರಣ ಕೊಡುಕೊಳ್ಳುವ ವ್ಯವಹಾರ ಬಹುಕಾಲದಿಂದ ನಡೆದುಬಂದಿದೆ. ಇಲ್ಲಿಯ ಜನರ ಬಾಯಲ್ಲಿರುವ ಖೋಲಿ, ಬಟಾಟಿಗಳು ಅತ್ತಣಿಂದ ಬಂದವು. ಅವರ ತೂಪವು ನಮ್ಮ ತುಪ್ಪವೇ. ಇಂಥ ಶಬ್ದಗಳು ಹೊಸದಾಗಿ ಕಲಿಯುವವನಿಗೆ ದೊಡ್ಡ ಆಸರೆ.

ಕಿವಿಗೆ ಮಾತ್ರ ಹೋಲುವ ಶಬ್ದಗಳೂ ಉಂಟು. ಮರಾಠಿಯ ಬಾಈ ಎಂದರೆ ಹೆಂಗಸು, ತಾಈ ಎಂದರೆ ಅಕ್ಕ. ಇವನ್ನು ನಮ್ಮ ಬಾಯಿ, ತಾಯಿಗಳೆಂದು ಭ್ರಮಿಸಿದವನು ಒಮ್ಮೆ ನಗೆಗೀಡಾಗುತ್ತಾನೆ, ಮತ್ತೆ ಮರೆಯುವುದಿಲ್ಲ. ಇವುಗಳಿಂದ ಹೆಚ್ಚಿನ ಅಪಾಯವಿಲ್ಲ.

ನಿಜವಾದ ತೊಡಕು ಇರುವುದು ಸಂಸ್ಕೃತ ಶಬ್ದಗಳಲ್ಲಿ. ಇವು ಎಲ್ಲರ ಸೊತ್ತೆಂಬ ಧೈರ್ಯದಿಂದ ನಾವು ನಿಘಂಟನ್ನೇ ತೆರೆಯುವುದಿಲ್ಲ. ಮರಾಠಿಯವನು ತನಗೆ ‘ರಾಗ’ ಬಂದಿತೆಂದರೆ ಅದು ಸಂಗೀತವಲ್ಲ, ಸಿಟ್ಟು. ಅವನ ‘ಪ್ರಪಂಚ’ವು ಹೆಂಡತಿ ಮಕ್ಕಳ ಮನೆವಾರ್ತೆ, ಅಂದರೆ ನಮ್ಮ ಬಳಕೆಯ ಸಂಸಾರ, ಆ ‘ಸಂಸಾರ’ವೋ ಹಿಂದಿಗೆ ಹೋದರೆ ಜಗತ್ತು! ಹಿಂದಿಯ ‘ಶಿಕ್ಷಾ’ ವಿದ್ಯಾಭ್ಯಾಸ. ಕನ್ನಡ ಮರಾಠಿಗಳಲ್ಲಿ ಅದು ದಂಡನೆ. (ಹಳೆಯ ಕಾಲದ ಮಠಗಳ ಬೆತ್ತವನ್ನು ಕಂಡವರಿಗೆ ಈ ಭೇದವು ಅಷ್ಟೇನೂ ದೊಡ್ಡದಾಗಿ ತೋರಲಿಕ್ಕಿಲ್ಲ.) ಈ ಉಪನ್ಯಾಸವನ್ನೇ ಹಿಂದೀ ಮಿತ್ರರು ಕಾದಂಬರಿಯೆಂದು ತಿಳಿದಾರು. ಕಾದಂಬರಿಯಾದರೂ ಬಾಣಭಟ್ಟನ ಒಂದು ಗ್ರಂಥದ ಹೆಸರು. ಕನ್ನಡಿಗರೂ ಮರಾಠಿಗರೂ ಅದನ್ನು ಒಂದು ಸಾಹಿತ್ಯಜಾತಿಗೇ ಇಟ್ಟರು.

ಇದು ವಿನೋದವಾಗಿಯೇ ಉಳಿಯುವುದಿಲ್ಲ. 2003ರಿಂದ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಗಿದೆ. ಇಂಥ ಕೇಂದ್ರ ಸರಕಾರದ ಕಚೇರಿಗಳಲ್ಲಿ ಹಿಂದಿಗೂ ಸ್ಥಾನವುಂಟು. ಹಿಂದೀ ಕಾಗದವೊಂದರಲ್ಲಿ ಖರ್ಚಿನ ‘ಅನುಮಾನ’ವನ್ನು ಕೇಳಿದರೆನ್ನೋಣ. ಬರೆದವರಿಗೆ ಬೇಕಾದುದು ಅಂದಾಜು; ಕನ್ನಡಿಗ ಗುಮಾಸ್ತನೋ ತನ್ನ ಲೆಕ್ಕದಲ್ಲಿ ಸಂಶಯಪಟ್ಟರೆಂದು ನೊಂದುಕೊಂಡಾನು. ಇಲ್ಲಿ ತಪ್ಪು ಯಾರದೂ ಅಲ್ಲ. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದು. ಆ ಊಹೆಯನ್ನು ಹಿಂದಿಯು ಎಣಿಕೆಗೆ ಹಚ್ಚಿತು, ಕನ್ನಡವು ಶಂಕೆಯ ಕಡೆಗೆ ತಿರುಗಿಸಿತು.

ಆದುದರಿಂದ ಹೊಸ ಭಾಷೆಯನ್ನು ಕಲಿಯುವವರು ಅಪರಿಚಿತ ಶಬ್ದಕ್ಕಿಂತ ಪರಿಚಿತ ಶಬ್ದವನ್ನೇ ಹೆಚ್ಚು ಪರೀಕ್ಷಿಸಬೇಕೆಂಬುದು ನಮ್ಮ ಮತ. ಶಬ್ದವನ್ನು ಒಂಟಿಯಾಗಿ ಬರೆದುಕೊಂಡರೆ ಸಾಲದು. ಅದು ಬಂದ ವಾಕ್ಯವನ್ನೂ ಪಕ್ಕದಲ್ಲಿ ಬರೆದಿಡತಕ್ಕದ್ದು. ‘ಅವಸರ’ವು ಹಿಂದಿಯಲ್ಲಿ ಸದವಕಾಶವೆಂದೂ ಗಡಿಬಿಡಿಯಲ್ಲವೆಂದೂ ಆ ವಾಕ್ಯವೇ ತಿಳಿಸುತ್ತದೆ.