ಶರಾವತಿಯ ಅಳಿವೆಯಲ್ಲಿ

ತಂದೆಯವರ ಅಸ್ಥಿಯನ್ನು ಸಿರುಗುಪ್ಪದ ಬಳಿ ತುಂಗಭದ್ರೆಗೆ ಒಪ್ಪಿಸಿ ತಿಂಗಳಾಗಿತ್ತು. ಹೊನ್ನಾವರದಲ್ಲಿ ದೋಣಿಯೇರಿದಾಗಲೂ ಮನಸ್ಸು ಆ ದಂಡೆಯಲ್ಲೇ ಇದ್ದಿತು. ಬಳ್ಳಾರಿ ಸೀಮೆಯವನಾದ ನನಗೆ ಗೊತ್ತಿದ್ದುದು ಹರಿಗೋಲು. ಅದು ಗಿರ್ರನೆ ತಿರುಗಿದಾಗಲೆಲ್ಲ ತಂದೆಯವರು ನನ್ನ ರಟ್ಟೆಯನ್ನು ಬಿಗಿಹಿಡಿಯುತ್ತಿದ್ದರು.

ದಂಡೆಗುಂಟ ಕಾಂಡ್ಲಾ ಗಿಡಗಳು ಕೆಸರಿನಲ್ಲಿ ಬೇರೂರಿ ನಿಂತಿದ್ದವು. ಭರತದ ಹೊತ್ತು, ಕಡಲ ನೀರು ಹೊಳೆಯೊಳಕ್ಕೆ ಏರಿ ಬರುತ್ತಿದ್ದಿತು. ಬೊಗಸೆಯಲ್ಲೆತ್ತಿ ಬಾಯಿಗಿಟ್ಟೆ. “ಮಾಸ್ತರೇ, ಅದು ಉಪ್ಪು” ಎಂದು ಅಂಬಿಗ ನಕ್ಕ.

ಶರಾವತಿಯ ಉಗಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ. ಆ ತೀರ್ಥಹಳ್ಳಿಯ ಮಗ್ಗುಲಲ್ಲೇ ಹರಿಯುವ ತುಂಗೆ, ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು ನಮ್ಮ ಸೀಮೆಗೆ ಬರುತ್ತಾಳೆ. ತಂದೆಯವರನ್ನು ಹೊತ್ತ ನೀರು ಕೃಷ್ಣೆಯೊಡಗೂಡಿ ಬಂಗಾಳ ಕೊಲ್ಲಿಯ ಹಾದಿ ಹಿಡಿದಿದ್ದಿತು. ನಾನು ಬಂದು ಮುಟ್ಟಿದ್ದು ಅರಬ್ಬೀ ಸಮುದ್ರವನ್ನು. ಕಡಲನ್ನೊಮ್ಮೆ ತೋರಿಸೆಂದು ಅವರು ಎರಡು ಸಲ ಕೇಳಿದ್ದರು. ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಯಲಿ ಎಂದಿದ್ದೆ.